ಕೊಯ್ಯದೆ ಬಿಟ್ಟ ಮಲ್ಲಿಗೆ

೨೭ ಫೆಬ್ರವರಿ ೨೦೨೫, ದುಬೈ
(ಪಾಂಡು ಮಾತಾಡಿ ಕಳಿಸಿದ್ದು)

...ಅಲ್ಲ, ಬೆಳಿಗ್ಗೆಯಿಂದ ಇದು ಮೂರನೇ ರೂಮಿನ ಚಾದರ ಮಾರಾಯ್ತಿ! ಅದೇ ಗುಲಾಬಿ ಪಕಳೆ. ಹನಿಮೂನಿಗೆ ಬಂದವರ ಹಾಸಿಗೆ ಮೇಲೆ ಪಕಳೆಯಲ್ಲಿ ಹೃದಯ ಮಾಡಿ ಇಡ್ತ್ರು ಈ ಹೋಟೆಲಿನವ್ರು. ಬಂದವ್ರು ಅದನ್ನ ತೆಗ್ದು ಬದಿಗಿಡುದಿಲ್ಲ, ಅದರ ಮೇಲೇ ಬಿದ್ದು ಹೊರಳ್ತ್ರು. ಪಕಳೆ ಅರೆದು ಅರೆದು ಚಾದರಕ್ಕೆ ಕಂದು ಬಣ್ಣ. ಅದು ಹೋಗುದೇ ಇಲ್ಲ. ಅಲ್ಲಿ ಅವ್ರು ಫೋಟೋ ಹೊಡ್ಕಂಡು ಊರಿಗೆಲ್ಲ ಹಂಚ್ತ್ರು, ಇಲ್ಲಿ ನೆಲಮಾಳಿಗೆಯಲ್ಲಿ ಪಾಂಡು ನಿಂತ್ಕಂಡು ಉಜ್ತಾ ಇರೂದು. ಮತ್ತೆ ಕೇಕು. ಕೇಕು ತಿನ್ನೂಕಲ್ವಾ ಇರೂದು? ಮುಖಕ್ಕೆ ಬಳ್ಕಂಡು ಬಿಳಿ ಟವೆಲ್‌ನಲ್ಲಿ ಒರಸ್ತ್ರು. ಇವತ್ತು ಒಂದು ಟವೆಲ್‌ನಲ್ಲಿ ಯಾರೋ ವಾಂತಿ ಮಾಡಿ ಮಡಚಿ ಇಟ್ಟಿದ್ದ. ಚಂದ ಮಾಡಿ ಮಡಚಿದ್ದ ಮತ್ತೆ! ನಾ ಬಿಡಿಸೂಕೆ ಹೋದೆ. ಥೂ.

ಕೃಷ್ಣಾನಂದ ನಗ್ತ. ಗೊತ್ತಲ್ಲ, ಕುಮಟೆಯವ, ನನ್ನ ಜೋಡಿ ಮಷಿನ್ ಮೇಲಿರೂ ಹುಡ್ಗ. 'ಎಂತಕ್ಕೆ ಬಾಯಿ ಮಾಡ್ತೆ, ಖುಷಿ ಪಟ್ಟವರ ಬಟ್ಟೆ ತೊಳಿತಾ ಇದ್ದೆ, ಪುಣ್ಯ ಬರ್ತದೆ' ಅಂತ. ಪುಣ್ಯ! ಸುಖ ಅಂದ್ರೆ ಎಂತದು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಅದರ ಮರುದಿನದ ಚಾದರ ಮಾತ್ರ ಗೊತ್ತು ನೋಡು.

ರಜೆ ಮುಗ್ಸಿ ಬಂದು ಮೂರು ವಾರ ಆಗೂಕೆ ಬಂತು. ನಿನ್ನ ಹತ್ರ ಒಂದು ಕೇಳಬೇಕು ಅಂತ ದಿನಾ ಅಂದುಕೊಳ್ತೆ, ಕೇಳೂಕೆ ಹೆದರಿಕೆ. ಬೇಡ, ಕೇಳುದಿಲ್ಲ. ನಾಲ್ಕು ವರ್ಷ ಆತು ಮದುವೆಯಾಗಿ, ಮುಂದಿನ ರಜೆ ಎರಡು ವರ್ಷ ಬಿಟ್ಟು. ಅಷ್ಟೇ ಹೇಳ್ತೆ. ಉಳಿದದ್ದು ನಿಂಗೆ ಗೊತ್ತು.

ಮತ್ತೆ ಟೈಪ್ ಮಾಡಬೇಡ, ಕೇಳ್ತೇ? ಮಾತಾಡಿ ಕಳಿಸು. ಇಡೀ ದಿನ ಮಷಿನ್ ಶಬ್ದ ಕೇಳಿ ಕೇಳಿ ನಿನ್ನ ಸ್ವರ ಮರ್ತೇ ಹೋತು.


೨೮ ಫೆಬ್ರವರಿ, ಶಿರಾಲಿ
(ಮಂಗಲಾ ಬರೆದು ಕಳಿಸಿದ್ದು)

ಮಾತಾಡಿ ಕಳಿಸಿ ಅಂತೀರಿ. ಇಲ್ಲಿ ಮಾತಾಡಿದರೆ ಅಡುಗೆಮನೆಯಲ್ಲಿರುವ ಅತ್ತೆಗೂ ಕೇಳುತ್ತದೆ, ಬೇಲಿಯಾಚೆಯ ಮಾಲಿನಿ ಅಕ್ಕನಿಗೂ ಕೇಳುತ್ತದೆ. ಅದಕ್ಕೇ ಬರೆಯುವುದು.

ಗಿಡಗಳು ಮೊಗ್ಗಿಗೆ ಬಿದ್ದಿವೆ. ನಲವತ್ತೂ ಗಿಡ. ಕತ್ತಲಲ್ಲೇ ಎದ್ದು ಬ್ಯಾಟರಿ ಹಿಡಿದು ಕೊಯ್ಯಬೇಕು, ಬಿಸಿಲು ಏರುವುದರೊಳಗೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಇಲ್ಲದಿದ್ದರೆ ಹೂ ಒಯ್ಯಲಿಕ್ಕೆ ಬರುವ ಮಾಸ್ತಿ ಬೈಕಿನ ಮೇಲೆ ಕೂತೇ ಹಾರ್ನ್ ಹೊಡೆಯುತ್ತಾನೆ, 'ಭಟ್ಕಳದ ಪೇಟೆ ನಿಮ್ಮನಿಗಾಗಿ ಕಾಯೂದಿಲ್ಲ ಹೊನ್ನಮ್ಮ' ಅಂತ ಅತ್ತೆಯನ್ನು ಕೂಗುತ್ತಾನೆ. ಅತ್ತೆಗೆ ಬೆರಳಿನ ಗಂಟು ನೋವು, ಕಟ್ಟಲಿಕ್ಕೆ ಕೂರುತ್ತಾರೆ, ಬಗ್ಗಿ ಕೊಯ್ಯಲಿಕ್ಕೆ ಆಗುವುದಿಲ್ಲ. ಕೊಯ್ಯುವುದು ನಾನೇ.

ನೀವು ಚಾದರದ ಹೇಸಿಗೆ ಹೇಳಿದಿರಿ. ಇಲ್ಲಿಯದು ಒಂದು ಹೇಳುತ್ತೇನೆ. ಹೊರಗೆ ಕೂತ ದಿನ ಗಿಡದ ಹತ್ತಿರ ಹೋಗಬಾರದು, ನೆರಳು ಬಿದ್ದರೂ ಮಲ್ಲಿಗೆ ಕರಟುತ್ತದೆ ಅಂತ ನಿಮ್ಮ ಮನೆಯ ಕಟ್ಟಳೆ. ಕೇರಿಯಲ್ಲಿ ಹೂ ಬೆಳೆಯುವ ಎಲ್ಲ ಮನೆಯಲ್ಲೂ ಅದೇ. ಅದರಲ್ಲಿ ಒಂದು ಸೊಗಸು ಉಂಟು, ಗಂಡಸರಿಗೆ ತಿಳಿಯದ್ದು. ನಾನು ನಾಲ್ಕು ದಿನ ಗಿಡದ ಹತ್ತಿರ ಕಾಣದಿದ್ದರೆ ನನ್ನ ತಿಂಗಳ ಸುದ್ದಿ ಕೇರಿಗೆಲ್ಲ ಗೊತ್ತು. ನೀವು ಬಂದು ಹೋದ ಮೇಲಂತೂ ಮಾಲಿನಿ ಅಕ್ಕ ದಿನಾ ಬೆಳಿಗ್ಗೆ ಹಲ್ಲುಜ್ಜಲಿಕ್ಕೆ ಬೇಲಿಗೇ ಬರುತ್ತಾರೆ. 'ಇವತ್ತೂ ಬಂದ್ಯನೇ ಗಿಡಕ್ಕೆ?' ಅಂತ ನಗುತ್ತಾರೆ. ಬಾಯಲ್ಲಿ ನೊರೆ ಇಟ್ಟುಕೊಂಡೇ ನಗುತ್ತಾರೆ.

ನೀವು ಕೇಳದೆ ಬಿಟ್ಟದ್ದನ್ನು ನಾನೂ ಹೇಳುವುದಿಲ್ಲ ಸದ್ಯಕ್ಕೆ.

ಊಟ ಸರಿಯಾಗಿ ಮಾಡಿ.


೯ ಮಾರ್ಚ್, ದುಬೈ
(ಪಾಂಡು)

ಮಷಿನ್ ಒಂದು ಕೆಟ್ಟು ಕೂತಿದೆ, ನೀರೆಲ್ಲ ನೆಲಕ್ಕೆ, ಸೂಪರ್‌ವೈಸರ್ ನನ್ನ ಮೇಲೇ ಹಾರಾಡ್ದ. ಮೊಣಕಾಲವರೆಗೆ ಸೋಪಿನ ನೀರಲ್ಲಿ ನಿಂತಿದ್ದೆ. ಪರವಾಗಿಲ್ಲ. ಎಂತಕ್ಕೆ ಪರವಾಗಿಲ್ಲ ಹೇಳು!

ಅಮ್ಮ ಫೋನ್ ಮಾಡಿದ್ಲು. ಗುಟ್ಟಲ್ಲಿ, ಬಾವಿಕಟ್ಟೆ ಹತ್ರ ಹೋಗಿ ಮಾಡಿದ್ದಂತೆ. 'ತಮಾ, ತಿಂಗಳು ಕಳ್ದು ಹೋತು, ಹುಡ್ಗಿ ಒಂದು ದಿನ ಗಿಡ ಬಿಡ್ಲಿಲ್ಲ. ಬಾಯಿ ಬಿಡಬೇಡ, ಮೂರು ತಿಂಗಳು ತುಂಬೂವರೆಗೆ ಅವಳ ಹತ್ರವೂ ಕೇಳಬೇಡ' ಅಂದ್ಲು. ಕೇಳಬೇಡ ಅಂದ್ರೆ? ನಾ ಎಂತ ಕಲ್ಲಾ? ನಿನ್ನ ಬಿಟ್ಟು ಯಾರ ಹತ್ರ ಕೇಳೂದು?

ಅದಕ್ಕೇ ನೀ ಮೊನ್ನೆ ಹಾಂಗೆ ಬರ್ದದ್ದು! 'ಸದ್ಯಕ್ಕೆ ಹೇಳುವುದಿಲ್ಲ' ಅಂತ. ನಾ ದಡ್ಡ, ಓದಿ ಮಲ್ಗಿದ್ದೆ.

ಕೃಷ್ಣಾನಂದಂಗೆ ಹೇಳ್ಲಿಲ್ಲ ನಾನು. ಅಂದ್ರೆ ಬಾಯಲ್ಲಿ ಹೇಳ್ಲಿಲ್ಲ. ಅವ ಮುಖ ನೋಡಿ ಹೇಳ್ದ, 'ಎಂತದಾ, ಇವತ್ತು ಚಾದರಕ್ಕೆ ಬೈಲಿಲ್ಲ ನೀನು' ಅಂತ. ಹೌದು, ಬೈಲಿಲ್ಲ. ಒಂದು ಚಾದರದಲ್ಲಿ ರಕ್ತ ಇತ್ತು, ನಾ ಸುಮ್ನೆ ತಣ್ಣೀರಲ್ಲಿ ಹಾಕ್ದೆ. ರಕ್ತಕ್ಕೆ ಮೊದಲು ತಣ್ಣೀರೇ ಹಾಕಬೇಕು, ಬಿಸಿನೀರು ಬಿದ್ರೆ ಕಲೆ ಕೂತೇ ಬಿಡ್ತದೆ. ತೊಳೀತಾ ಒಂದು ಪದ ಬೇರೆ ಗುಣುಗ್ತಾ ಇದ್ನಂತೆ!

ಭಾರ ಎತ್ತಬೇಡ ನೀನು. ಬಾವಿ ನೀರು ಸೇದಬೇಡ.


೧೧ ಮಾರ್ಚ್, ಶಿರಾಲಿ
(ಮಂಗಲಾ)

ಅತ್ತೆ ಹೇಳಿದ್ದನ್ನು ಇಷ್ಟು ಬೇಗ ನಂಬಿಕೊಂಡು ಕೂರಬೇಡಿ. ಯಾರಿಗೂ ಹೇಳಬೇಡಿ. ಕೃಷ್ಣಾನಂದನಿಗೆ ಮುಖದಲ್ಲೂ ಹೇಳಬೇಡಿ.

ಮನೆಯಲ್ಲಿ ಈಗ ನನಗೆ ಮೀನಿನ ತಲೆ. ನಾಲ್ಕು ವರ್ಷ ಬಾಲದ ತುಂಡು ತಿಂದವಳಿಗೆ ಈಗ ತಲೆ, ಮೊಟ್ಟೆ, ತುಪ್ಪ ಹಾಕಿದ ಗಂಜಿ. ಗಂಟಲಲ್ಲಿ ಇಳಿಯುವುದಿಲ್ಲ. ಆ ಮೀನಿನ ಕಣ್ಣು ನೋಡಿದರೆ ಹೊಟ್ಟೆ ತೊಳಸುತ್ತದೆ. ಬಟ್ಟಲು ಸರಿಸಿದರೆ ಅತ್ತೆ ಸಿಟ್ಟು ಮಾಡುವುದಿಲ್ಲ, ನಗುತ್ತಾರೆ.

ನಿಮಗೆ ಒಂದು ಮಾತು ಹೇಳುವುದಿದೆ. ನೀವು ಸಮಾಧಾನದಲ್ಲಿ ಇದ್ದಾಗ ಹೇಳುತ್ತೇನೆ.


೨೪ ಮಾರ್ಚ್, ದುಬೈ
(ಪಾಂಡು)

ಹೊಟ್ಟೆ ತೊಳಸ್ತದಂತೆ! ಮೀನು ಬೇಡ್ವಂತೆ! ಹಳದೀಪುರದವಳಿಗೆ ಮೀನು ಬೇಡ! ನಾ ಆ ಸಾಲು ಎಷ್ಟು ಸಲ ಓದ್ದೆ ಗೊತ್ತಾ? ನಿಂಗೆ ಮೀನಿನ ಕಣ್ಣು ಕಂಡ್ರೆ ಹೇಸಿಗೆ, ನಂಗೆ ಇಲ್ಲಿ ಖುಷಿ. ತಲೆ ಸರಿ ಇಲ್ಲ ನಂದು.

ಸಮಾಧಾನದಲ್ಲಿ ಇದ್ದಾಗ ಹೇಳ್ತೆ ಅಂದ್ಯಲ್ಲ, ಹೇಳು, ಈಗ ನನ್ನಷ್ಟು ಸಮಾಧಾನದವ ಈ ದುಬೈಯಲ್ಲಿ ಮತ್ತೊಬ್ಬ ಇಲ್ಲ. ಎಂತ, ಹೆಸರು ಯೋಚನೆ ಮಾಡಿದ್ಯಾ? ಹೆಣ್ಣಾದ್ರೆ ಸ್ಮೃತಿ ಅಂತ ಇಡೂದು. ಗಂಡಾದ್ರೆ ಅಮ್ಮ ಇಟ್ಕೊಳ್ಳಲಿ.

ಇಲ್ಲಿ ರಂಜಾನು. ಸಂಜೆ ಉಪವಾಸ ಬಿಡೂ ಹೊತ್ತಿಗೆ ನಮ್ಮ ಕೆಲಸದವರೆಲ್ಲ ನೆಲಮಾಳಿಗೆಯಲ್ಲೇ ಒಟ್ಟು ಕೂರ್ತ್ರು. ಮೊನ್ನೆ ನಾ ಎಲ್ಲರಿಗೂ ಖರ್ಜೂರ ತಂದು ಹಂಚ್ದೆ, ಚಲೋ ಜಾತಿದು, ದಪ್ಪ ದಪ್ಪ. ಎಂತಕ್ಕೆ ಅಂತ ಕೇಳಿದ್ರು. ಸುಮ್ನೆ ಅಂದೆ. ಬಂಗಾಲದ ಅಜ್ಜ ಒಬ್ಬ ಇದ್ದ, ಇಸ್ತ್ರಿ ಮಾಡೂದು, ಯಾವತ್ತೂ ಮಾತಾಡುದಿಲ್ಲ. ಅವ ನನ್ನ ತಲೆ ಮೇಲೆ ಕೈ ಇಟ್ಟ. ಕೃಷ್ಣಾನಂದ ಬಾಯಿ ಬಿಟ್ಟಿದ್ದ ಅಂತ ಕಾಣ್ತದೆ. ಹೋಗಲಿ.

ಮತ್ತೊಂದು ಕೇಳು. ಇಲ್ಲಿ ಭಟ್ಕಳದವರ ಒಂದು ಅಂಗಡಿ ಇದೆ, ಅಲ್ಲಿಗೆ ವಿಮಾನದಲ್ಲಿ ಊರ ಮಲ್ಲಿಗೆ ಬರ್ತದೆ. ಇಷ್ಟು ವರ್ಷ ಆ ವಾಸನೆ ಬಂದ್ರೆ ರಸ್ತೆ ದಾಟಿ ಹೋಗ್ತಿದ್ದೆ, ಮನೆ ನೆನಪಾಗಿ ರಗಳೆ. ನಿನ್ನೆ ಹೋಗಿ ಒಂದು ಮೊಳ ತಂದೆ. ದಿಂಬಿನ ಹತ್ರ ಇಟ್ಕಂಡು ಮಲ್ಗಿದ್ದೆ. ಅದನ್ನ ಕೊಯ್ದದ್ದು ನೀನೇ ಇರಬಹುದು, ಯಾರಿಗೆ ಗೊತ್ತು? ಬೆಳಿಗ್ಗೆ ನೋಡಿದ್ರೆ ಕೆಂಪಗಾಗಿ ನಾರ್ತಾ ಇತ್ತು, ಮೇಲಿನ ಮಂಚದಿಂದ ಕೃಷ್ಣಾನಂದ ಬೈದದ್ದೇ ಬೈದದ್ದು. ಆದ್ರೂ ಬಿಸಾಕ್ಲಿಲ್ಲ ನಾನು.


೬ ಏಪ್ರಿಲ್, ದುಬೈ
(ಪಾಂಡು)

ಎಂತದೇ, ನಾ ಕಳಿಸಿ ಹದಿಮೂರು ದಿನ ಆತು, ನಿಂದು ಒಂದು ಸಾಲಿಲ್ಲ. ಅಮ್ಮಂಗೆ ಫೋನ್ ಮಾಡಿದ್ರೆ 'ಅವಳು ಮಲ್ಗಿದ್ದಾಳೆ, ಎಬ್ಬಿಸಬೇಡ' ಅಂತಾಳೆ. ಈದ್ ರಜೆಗೆ ಹೋಟೆಲ್ ತುಂಬಿ ತುಳ್ಕಿತ್ತು, ಗುಡ್ಡೆ ಗುಡ್ಡೆ ಚಾದರ, ಮೂಗಿಗೆ ಬಟ್ಟೆ ಕಟ್ಕಂಡು ನಿಂತಿದ್ದೆ. ಅದರ ನಡುವೆ ನಿಂದೇ ಯೋಚನೆ. ಕಿಟ್‌ನಲ್ಲಿ ನೋಡಿದ್ಯಾ? ಎರಡು ಗೀಟು ಬರ್ತದಂತಲ್ಲ, ಅದರ ಫೋಟೋ ಕಳಿಸು. ಹೇಸಿಗೆ ಅಂತ ಹೇಳಬೇಡ. ನಂಗೆ ಈಗ ಯಾವ್ದೂ ಹೇಸಿಗೆ ಇಲ್ಲ.


೧೩ ಏಪ್ರಿಲ್, ಶಿರಾಲಿ
(ಮಂಗಲಾ)

ಎರಡು ಗೀಟು ಇಲ್ಲ. ನಾನು ಬಸುರಿಯಲ್ಲ.

ಒಂದೇ ಸಲಕ್ಕೆ ಬರೆದುಬಿಟ್ಟೆ, ಇಲ್ಲದಿದ್ದರೆ ಮತ್ತೆ ಅಳಿಸಿಬಿಡುತ್ತಿದ್ದೆ. ಇನ್ನು ಉಳಿದದ್ದು ಓದಿ.

ಫೆಬ್ರವರಿ ಇಪ್ಪತ್ತೆರಡಕ್ಕೆ ನನಗೆ ಆಯಿತು. ಕತ್ತಲಲ್ಲಿ ಎದ್ದೆ, ತಿಳಿಯಿತು. ಅತ್ತೆ ಅಷ್ಟರೊಳಗೆ ಬುಟ್ಟಿ, ಬ್ಯಾಟರಿ ಜಗುಲಿಯಲ್ಲಿ ಇಟ್ಟಿದ್ದರು. ಬೇಲಿಯ ಹತ್ತಿರ ಮಾಲಿನಿ ಅಕ್ಕ ಹಲ್ಲುಜ್ಜುತ್ತಾ ನಿಂತಿದ್ದರು. ನಾನು ಹಿಂದಿನ ಜಗುಲಿಗೆ ಹೋಗಿ ಕೂರಬೇಕು, ಅಷ್ಟೇ. ನಲವತ್ತೆಂಟು ತಿಂಗಳಿಂದ ಮಾಡಿದ್ದು ಅದನ್ನೇ. ಆವತ್ತು ಆಗಲಿಲ್ಲ. ಒಂದು ದಿನ, ಒಂದೇ ಒಂದು ದಿನ ಈ ಕೇರಿ ನನ್ನ ಲೆಕ್ಕ ಇಡುವುದು ಬೇಡ ಅನ್ನಿಸಿತು. ಬುಟ್ಟಿ ಎತ್ತಿಕೊಂಡು ಗಿಡಕ್ಕೆ ಹೋದೆ.

ಬಸುರಿ ಅಂತ ತೋರಿಸಲಿಕ್ಕೆ ಅಲ್ಲ. ಅತ್ತೆ ಹಾಗೆ ತಿಳಿದುಕೊಳ್ಳುತ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ. ನಾಲ್ಕು ದಿನ ಕಳೆದ ಮೇಲೆ ಬಾವಿಕಟ್ಟೆಯಲ್ಲಿ ನನ್ನ ಕೈಯಿಂದ ಕೊಡಪಾನ ಕಿತ್ತುಕೊಂಡರು. ಸಂಜೆ ಕೂರಿಸಿ ತಲೆಗೆ ಎಣ್ಣೆ ಹಚ್ಚಿದರು. ಈ ಮನೆಗೆ ಬಂದ ಮೇಲೆ ಅದೇ ಮೊದಲು. ಅವರ ಬೆರಳು ನೋವಿನಲ್ಲಿ ಮಡಚುವುದಿಲ್ಲ, ಅಂಗೈಯಲ್ಲೇ ತಿಕ್ಕಿದರು. ಆಗಲೇ ಹೇಳಬೇಕಿತ್ತು. ಹೇಳಿದರೆ ಗಿಡ ಮುಟ್ಟಿದ್ದೂ ಹೇಳಬೇಕು. ಹೆದರಿದೆ. ಹೆದರಿಕೆ ಮಾತ್ರ ಅಂದರೆ ಸುಳ್ಳಾಗುತ್ತದೆ. ಆ ಎಣ್ಣೆ ನನಗೂ ಬೇಕಿತ್ತು.

ಮಾರ್ಚಿನಲ್ಲಿ ಮತ್ತೆ ಆಯಿತು. ಮತ್ತೆ ಗಿಡಕ್ಕೆ ಹೋದೆ. ಎರಡು ಸಲವೂ ಪ್ಯಾಡು ಕಾಗದದಲ್ಲಿ ಸುತ್ತಿ ಬಚ್ಚಲೊಲೆಗೆ ಹಾಕಿದೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಮೀನು ಇಳಿಯದ್ದು ಅದಕ್ಕೆ. ನೀವು ಅದನ್ನು ಓದಿ ಖುಷಿ ಪಟ್ಟಿರಿ. ನಿಮ್ಮ ಖರ್ಜೂರದ ಮಾತು ಕೇಳಿ ಫೋನು ತಲೆದಿಂಬಿನ ಅಡಿಗೆ ಇಟ್ಟು ಹದಿನೈದು ದಿನ ತೆರೆಯಲಿಲ್ಲ.

ಗಿಡ ಕರಟಲಿಲ್ಲ. ಅದೊಂದು ಹೇಳಬೇಕು. 'ಈ ವರ್ಷ ನಿಮ್ಮನಿ ಮೊಗ್ಗಿನಷ್ಟು ದಪ್ಪ ಎಲ್ಲೂ ಇಲ್ಲ' ಅಂತ ಮಾಸ್ತಿಯೇ ಹೇಳುತ್ತಾನೆ.


೨೫ ಏಪ್ರಿಲ್, ದುಬೈ
(ಪಾಂಡು)

ನಿನ್ನದು ಓದಿ ಹನ್ನೆರಡು ದಿನ ಆತು. ಸಿಕ್ಕಾಪಟ್ಟೆ ಸಲ ಶುರು ಮಾಡಿ ಅಳಿಸ್ದೆ. ಸಿಟ್ಟಲ್ಲಿ ಹೇಳಿದ್ದೆಲ್ಲ ಅಳಿಸಿದ್ದೇನೆ, ಅದಾದ್ರೂ ಗೊತ್ತಿರಲಿ ನಿಂಗೆ.

ಕೃಷ್ಣಾನಂದ ದಿನಾ ಕೇಳ್ತ, 'ಎಷ್ಟು ತಿಂಗಳು ಈಗ?' ಆ ಅಜ್ಜ ಅವನ ಮೊಮ್ಮಗುದು ಒಂದು ಸಣ್ಣ ಟೊಪ್ಪಿ ತಂದುಕೊಟ್ಟ. ನೂಲಿಂದು. ನಾ ಅದನ್ನ ಎಲ್ಲಿ ಇಟ್ಕೊಳ್ಳೂದು? ಹೇಳು ನೀನೇ. ಪೆಟ್ಟಿಗೆಯಲ್ಲಿ ಇಟ್ರೆ ಕಣ್ಣಿಗೆ ಬೀಳ್ತದೆ, ಬಿಸಾಕೂಕೆ ಕೈ ಬರುದಿಲ್ಲ. ಮತ್ತೆ ಚಾದರ ಕಂಡ್ರೆ ವಾಂತಿ ಬರೂ ಹಾಂಗೆ ಆಗ್ತದೆ. ಮೊದಲಿಗಿಂತ ಜಾಸ್ತಿ. ಖುಷಿ ಇದ್ದಾಗ ಒಂದು ವಾಸನೆಯೂ ಬರ್ತಿರ್ಲಿಲ್ಲ, ಈಗ ಎಲ್ಲಾ ವಾಸನೆ ಬಡ್ಡಿ ಸಮೇತ ವಾಪಸ್ ಬಂತು.

ಒಂದು ಹೇಳಿಬಿಡ್ತೆ. ಆ ಮಲ್ಲಿಗೆ ಇತ್ತಲ್ಲ, ದಿಂಬಿನ ಹತ್ರ ಇಟ್ಕಂಡದ್ದು. ನಿನ್ನದು ಓದಿದ ಮೇಲೆ ಅದನ್ನ ನೀ ಯಾವ ದಿನ ಕೊಯ್ದದ್ದು ಅಂತ ಲೆಕ್ಕ ಹಾಕ್ದೆ ನಾನು. ಕೂತ್ಕಂಡು ಬೆರಳು ಮಡಚಿ ಲೆಕ್ಕ ಹಾಕ್ದೆ. ದಿನಾ ಯಾರ್ಯಾರದೋ ರಕ್ತ ಈ ಕೈಯಲ್ಲಿ ತೊಳಿತೆ, ಅದೇ ಕೈಯಲ್ಲಿ ಊಟ ಮಾಡ್ತೆ. ಹೆಂಡ್ತಿ ಕೊಯ್ದ ಹೂವಿಗೆ ಮಾತ್ರ ಲೆಕ್ಕ. ಥೂ ನನ್ನ ಲೆಕ್ಕಕ್ಕೆ.

ಆದ್ರೆ ಅಮ್ಮ. ಅವಳಿಗೆ ಹೇಳೂದು ಹ್ಯಾಂಗೆ? ನಾ ಒಂದು ಯೋಚನೆ ಮಾಡಿದ್ದೆ. ಹೋತು ಅಂತ ಹೇಳು. ಕಾಲು ಜಾರ್ತು, ಹೋತು. ಎಷ್ಟೋ ಜನಕ್ಕೆ ಆಗ್ತದೆ. ಗಿಡದ ಸುದ್ದಿ ಎತ್ತುದೇ ಬೇಡ. ನಾಲ್ಕು ದಿನ ಅಳ್ತಾಳೆ, ಮುಗೀತದೆ.


೨೬ ಏಪ್ರಿಲ್, ಶಿರಾಲಿ
(ಮಂಗಲಾ)

ನಿಮ್ಮ ಯೋಚನೆ ಕೇಳಿ ನಿಜವಾಗಿ ಹೇಸಿಗೆಯಾಯಿತು. ಇಲ್ಲದ್ದು ಹೋಯಿತು ಅಂತ ನಾನು ಅಳಬೇಕೆ? ಅತ್ತೆ ನನ್ನನ್ನು ಒಳಗೆ ಮಲಗಿಸಿ ಕಷಾಯ ಕುಡಿಸುತ್ತಾರೆ. ಮಾಲಿನಿ ಅಕ್ಕನ ಕಣ್ಣು ತಾಗಿತು ಅಂತ ಬೇಲಿಯಾಚೆ ಕೇಳುವ ಹಾಗೆ ಶಾಪ ಹಾಕುತ್ತಾರೆ. ನಾಳೆ ದೇವರು ಕೊಟ್ಟು ನಿಜವಾಗಿ ಆದರೆ, ಆಗಲೂ ಆ ಹೋದದ್ದನ್ನು ನೆನೆದು ಒಂಬತ್ತು ತಿಂಗಳು ನಡುಗುತ್ತಾರೆ. ಆ ಹೆಂಗಸಿಗೆ ಇಷ್ಟು ಮಾಡಿದ್ದು ಸಾಲದೆ?

ಮೇ ಹನ್ನೆರಡಕ್ಕೆ ಹೊನ್ನಾವರದ ಡಾಕ್ಟರಮ್ಮನ ಹತ್ತಿರ ಹೋಗುವುದು ಅಂತ ಅತ್ತೆ ದಿನ ನೋಡಿದ್ದಾರೆ. ಮೂರು ತಿಂಗಳು ತುಂಬುತ್ತದೆ ಅಂತೆ. ಅದಕ್ಕೆ ಮೊದಲು ನಾನು ಹೇಳುತ್ತೇನೆ. ಎಲ್ಲ ಹೇಳುತ್ತೇನೆ, ಗಿಡದ್ದೂ.


೨೭ ಏಪ್ರಿಲ್, ದುಬೈ
(ಪಾಂಡು)

ಹೇಳಬೇಡ ಮಂಗಲಾ. ಸ್ವಲ್ಪ ತಡಿ. ನಿನ್ನೆ ಅಮ್ಮ ಫೋನಲ್ಲಿ ನಕ್ಕಳು. ಮಾಸ್ತಿಗೆ ಯಾವ್ದೋ ನಾಯಿ ಅಟ್ಟಿಸಿಕೊಂಡು ಬಂದ ಸುದ್ದಿ ಹೇಳಿ ಗೊಳ್ ಅಂತ ನಕ್ಕಳು. ಅಪ್ಪ ತೀರಿದ ಮೇಲೆ ಅವಳು ಹಾಂಗೆ ನಕ್ಕದ್ದು ನಾ ಕೇಳ್ಲೇ ಇಲ್ಲ. ಸುಳ್ಳಿಂದೇ ಆಗಲಿ, ನಗು ಸುಳ್ಳಲ್ಲ ಅಲ್ವಾ? ಇನ್ನೊಂದು ನಾಲ್ಕು ದಿನ ಇರಲಿ. ಯಾರ ಗಂಟು ಹೋಗ್ತದೆ?

ನೀ ಹೇಳಿದ್ರೆ ಅವಳು ನಿನ್ನ ಹಳದೀಪುರಕ್ಕೆ ಕಳಿಸ್ತಾಳೆ. ಬರ್ದಿಟ್ಕೋ. ತವರಿಗೆ ಹೋದವ್ಳು ಯಾವಾಗ ವಾಪಸ್ ಬರೂದು? ನಾ ಇಲ್ಲಿಂದ ಎಂತ ಮಾಡೂಕಾಗ್ತದೆ?


೧೮ ಮೇ, ಶಿರಾಲಿ
(ಮಂಗಲಾ ಮಾತಾಡಿ ಕಳಿಸಿದ್ದು)

ಕೇಳ್ತದ್ಯಾ? ಸ್ವರ ಸರಿ ಬರ್ತದ್ಯಾ? ಇವತ್ತು ಮಾತಾಡಿಯೇ ಕಳಿಸ್ತಿದ್ದೆ. ಅಂಗಳದಲ್ಲೇ ನಿಂತಿದ್ದೆ. ಮಾಲಿನಿ ಅಕ್ಕಂಗೆ ಕೇಳಿದ್ರೆ ಕೇಳ್ಲಿ.

ಹನ್ನೆರಡನೇ ತಾರೀಕಿನವರೆಗೆ ನಂಗೆ ಬಾಯಿ ಬರ್ಲಿಲ್ಲ. ಆವತ್ತು ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ರು, ನನ್ನ ತಲೆಗೆ ಅವರೇ ಮಾಲೆ ಮುಡಿಸಿದ್ರು. ಶಿರಾಲಿ ಸ್ಟಾಪಲ್ಲಿ ನಿಂತಿದ್ವು. ಹೊನ್ನಾವರದ ಬಸ್ಸು ಬಂತು. ಅತ್ತೆ ಒಂದು ಕಾಲು ಮೆಟ್ಟಿಲ ಮೇಲೆ ಇಟ್ರು. ನಾ ಸೀರೆ ಸೆರಗು ಹಿಡ್ದು ಎಳ್ದೆ. 'ಅತ್ತೆ, ಹತ್ತಬೇಡಿ. ಎಂತದೂ ಇಲ್ಲ. ನಂಗೆ ಪ್ರತಿ ತಿಂಗಳೂ ಆಗಿದೆ' ಅಂದೆ. ಕಂಡಕ್ಟರು 'ಹತ್ತೂದಾ ಇಲ್ಯಾ, ಹೇಳಿ ಮಾರ್ರೆ!' ಅಂತ ಕೂಗ್ತಾ ಇದ್ದ. ಬಸ್ಸು ಹೋತು.

ಅವರು ಮಗು ಸುದ್ದಿ ಎತ್ಲೇ ಇಲ್ಲ. ಮೊದಲು ಕೇಳಿದ್ದು, 'ಹಾಂಗಾರೆ ಗಿಡ?'

'ಮುಟ್ಟಿದ್ದೆ ಅತ್ತೆ. ಮೂರು ತಿಂಗಳೂ.'

'ಜಟಕಂಗೆ ಇಟ್ಟ ಹೂ?'

'ಅದೂ ನಾನೇ ಕೊಯ್ದದ್ದು.'

ಕಟ್ಟೆ ದೇವ್ರಿಗೆ ದಿನಾ ಮೊದಲ ಹಿಡಿ ಹೂ ಇಡ್ತ್ರಲ್ಲ, ಅದು. ಅವ್ರು ಮುಂದೆ ಮುಂದೆ ನಡ್ದು ಮನೆಗೆ ಬಂದ್ರು. ನನ್ನ ತಲೆ ಮೇಲಿನ ಮಾಲೆ ತೆಗಿಯೂಕೂ ನಂಗೆ ಹೆದರಿಕೆ, ಇಟ್ಕಂಡಿರೂಕೂ ಹೆದರಿಕೆ.

ಮರುದಿನ ಜಗುಲಿಯಲ್ಲಿ ಬುಟ್ಟಿ ಇರ್ಲಿಲ್ಲ. ಮಾಸ್ತಿ ಬಂದು ಹಾರ್ನ್ ಹೊಡ್ದ. 'ಹೂ ಇಲ್ಲ' ಅಂದ್ರು ಅತ್ತೆ. 'ಎಂತ ಹೊನ್ನಮ್ಮ, ಗಿಡ ಬೆಳ್ಳಗೆ ಕಾಣ್ತದೆ, ಹೂ ಇಲ್ಲ ಅಂಬ್ರಿ? ನಂಗೆ ಕಣ್ಣಿಲ್ಯಾ?' 'ಇಲ್ಲ ಅಂದ್ರೆ ಇಲ್ಲ. ಹೋಗ್.' ಅವ ಹೋದ.

ಆ ಸಂಜೆ ಒಂದು ಆತು ನೋಡಿ. ಮೊಗ್ಗು ಗಿಡದಲ್ಲೇ ಅರಳ್ತು. ನಾಲ್ಕು ವರ್ಷ ಈ ಗಿಡದ ಬುಡದಲ್ಲಿ ಇದ್ದೆ ನಾನು, ಅರಳಿದ್ದು ಒಂದು ದಿನ ಕಂಡವಳಲ್ಲ. ಯಾವಾಗಲೂ ಮೊಗ್ಗಲ್ಲೇ ಕೊಯ್ದು ಕಟ್ಟಿ ಕಳಿಸೂದಲ್ವಾ? ನಲವತ್ತು ಗಿಡ ಒಟ್ಟಿಗೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನಿಂತು ನೋಡ್ತಿದ್ರು. ನಾ ಹಿಂದಿನ ಬಾಗಿಲಲ್ಲಿ ಕೂತಿದ್ದೆ. ಅತ್ತೆ ಬಂದು ಹಿಂದೆ ನಿಂತ್ರು. ಎಷ್ಟೋ ಹೊತ್ತು ಹಾಂಗೇ ಇದ್ವು ಇಬ್ರೂ. ಹಳದೀಪುರಕ್ಕೆ ಕಳಿಸ್ತ್ರು ಅಂತ ಚೀಲ ತುಂಬಿಟ್ಟಿದ್ದೆ, ಆ ಹೊತ್ತಲ್ಲಿ ಅದೂ ಮರ್ತು ಹೋತು. ನಂಗೆ ಸುಖ ಅನ್ನಿಸ್ತು. ಸುಳ್ಳು ಹೇಳೂದೆಂತಕ್ಕೆ, ಸುಖ ಅನ್ನಿಸ್ತು.

ಒಂದು ಸಂಜೆ ಅಷ್ಟೇ. ಮರುದಿನ ತಲೆನೋವು. ಹಳೇದು ಉದುರುದಿಲ್ಲ, ಹೊಸದು ಅರಳ್ತದೆ. ಮೂರನೇ ದಿನ ಮಳೆ ಹೊಡೀತು. ಎಲ್ಲಾ ಕೆಂಪಗಾಗಿ ಗಿಡಕ್ಕೇ ಅಂಟ್ಕಂಡು ಕೊಳೀತು. ಇರುವೆ, ನೊಣ. ಆ ನಾತ ಹೇಳೂಕಾಗುದಿಲ್ಲ. ಅನ್ನ ಉಣ್ಣೂಕೆ ಕೂತ್ರೆ ಅನ್ನಕ್ಕೂ ಅದೇ ನಾತ, ನೀರಿಗೂ ಅದೇ. ಮಾಲಿನಿ ಅಕ್ಕ ಮೂಗು ಮುಚ್ಕಂಡು ಬಂದು, 'ಎಂತ ಸತ್ತಿದ್ಯೇ ನಿಮ್ಮನಿಲಿ?' ಅಂತ ಕೇಳಿದ್ರು. ಶುಕ್ರವಾರ ಅತ್ತೆ ಬಾವಿಕಟ್ಟೆಯಲ್ಲಿ ವಾಂತಿ ಮಾಡಿದ್ರು. ಇಷ್ಟು ತಿಂಗಳಲ್ಲಿ ಈ ಮನೆಯಲ್ಲಿ ವಾಂತಿ ಮಾಡಿದವ್ರು ಅವರೊಬ್ರೇ. ನಾ ಬೆನ್ನು ನೀವೂಕೆ ಹೋದೆ. ಕೈ ತಳ್ಳಿದ್ರು. ಮತ್ತೊಂದು ಸಲ ಬಂತು, ಆಗ ತಳ್ಳಲಿಲ್ಲ.

ನಿನ್ನೆ ನಂಗೆ ಆತು. ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟು ಹೇಳ್ದೆ, 'ಅತ್ತೆ, ನಂಗೆ ಆಗಿದೆ.' ಹೇಳಿ ಹಿಂದಿನ ಜಗುಲಿಯಲ್ಲಿ ಕೂತೆ.

ಇವತ್ತು ಕತ್ತಲಲ್ಲೇ ಅತ್ತೆ ಬಂದ್ರು. ಬುಟ್ಟಿ ನನ್ನ ಕೈಗೆ ಕೊಡ್ಲಿಲ್ಲ, ನೆಲದ ಮೇಲಿಟ್ಟು ಕಾಲಲ್ಲಿ ಮುಂದೆ ತಳ್ಳಿದ್ರು.

'ಈ ನಾತ ನಂಗೆ ತಡೂಕಾಗುದಿಲ್ಲ. ಕೊಳ್ತದ್ದೆಲ್ಲ ಕಿತ್ತು ಗೊಬ್ಬರಗುಂಡಿಗೆ ಹಾಕು. ಮೊಗ್ಗು ಕೊಯ್ದು ಕಟ್ಟು, ಮಾಸ್ತಿ ಬರ್ತ.'

'ಅತ್ತೆ, ಇವತ್ತು ನಂಗೆ ಎರಡನೇ ದಿನ.'

'ಗೊತ್ತು. ನಂಗೆ ಕಿವಿ ಕೆಪ್ಪಾ? ಬಾವಿ ಬದಿ ಮೂರು ಗಿಡ ಮಾತ್ರ ಮುಟ್ಟಬೇಡ. ಜಟಕಂಗೆ ನಾ ಕೊಯ್ತೆ.'

ಬಗ್ಗೂಕಾಗದ ಹೆಂಗಸು ಮಣೆ ಇಟ್ಕಂಡು ಕೂತು ಆ ಮೂರು ಗಿಡ ಕೊಯ್ದ್ರು. ಉಳಿದ ಮೂವತ್ತೇಳು ನಾನು. ಮಾಲಿನಿ ಅಕ್ಕ ಬೇಲಿಯಲ್ಲಿ ನಿಂತು, 'ನಿನ್ನೆ ಹೊರಗೆ ಕೂತಿದ್ಯಲ್ಲೇ, ಇವತ್ತು...?' ಅಂದ್ರು. ಅತ್ತೆ ತಲೆ ಎತ್ತಲಿಲ್ಲ. 'ಬಾಯಿ ತೊಳ್ಕಂಡು ಬಾ ಮಾಲಿನಿ, ನೊರೆ ಹೂವಿಗೆ ಬೀಳ್ತದೆ' ಅಂದ್ರು.

ಅಷ್ಟೇ. ಊಟಕ್ಕೆ ಬಾಲದ ತುಂಡೇ ಹಾಕಿದ್ರು. ಎಲ್ಲ ತಿಂದೆ.


೧೯ ಮೇ, ದುಬೈ
(ಪಾಂಡು)

...ಅದಲ್ಲ, ಈ ಸೂಪರ್‌ವೈಸರ್‌ಗೆ ಎಷ್ಟು ಹೇಳಿದ್ರೂ ತಲೆಗೆ ಹೋಗುದಿಲ್ಲ, ರಕ್ತದ ಚಾದರವನ್ನ ಮತ್ತೆ ಬಿಸಿನೀರಿನ ಮಷಿನ್‌ಗೆ ಹಾಕಿಸ್ದ, ಹನ್ನೊಂದು ಚಾದರ ಹಾಳು, ಬೈಗಳ ನಂಗೆ. ಹೋಗಲಿ, ಸಾಯಲಿ. ನಿನ್ನದು ಕೇಳ್ದೆ. ಊಟದ ಹೊತ್ತಲ್ಲಿ ಶುರು ಮಾಡಿ, ಪಾಯಿಖಾನೆಯಲ್ಲಿ ಬಾಗಿಲು ಹಾಕ್ಕಂಡು ಪೂರ್ತಿ ಕೇಳ್ದೆ. ನಿನ್ನ ಸ್ವರ ದಪ್ಪ ಆಗಿದೆ. ಮೊದಲು ಹಾಂಗಿತ್ತಾ, ನಾ ಮರ್ತಿದ್ನಾ ಗೊತ್ತಿಲ್ಲ.

ಹನ್ನೆರಡನೇ ತಾರೀಕೇ ಅಮ್ಮ ನಂಗೆ ಫೋನ್ ಮಾಡಿದ್ಲು, ನಿಂಗೆ ಹೇಳ್ಲಿಲ್ಲ. 'ಅವಳನ್ನ ಹಳದೀಪುರಕ್ಕೆ ಬಿಟ್ಟು ಬರ್ಲಾ?' ಅಂತ ಕೇಳಿದ್ಲು. ನಾ 'ಡ್ಯೂಟಿ ಇದೆ' ಅಂತ ಕಟ್ ಮಾಡ್ದೆ. ಡ್ಯೂಟಿ ಇರ್ಲಿಲ್ಲ. ಮೂರು ದಿನ ಬಿಟ್ಟು ನಾನೇ ಮಾಡಿ ಕೇಳ್ದೆ, 'ಅಮ್ಮಾ, ನಾ ದಿನಾ ಇಲ್ಲಿ ಕಂಡವರ ರಕ್ತ ತೊಳಿತೆ, ಊರಿಗೆ ಬಂದ್ರೆ ನಂಗೂ ಹಿಂದಿನ ಜಗುಲಿಯಾ?' ಅವಳು ಅಂದ್ಲು, 'ನಿನ್ನ ಕೈ ಸೋಪಲ್ಲೇ ಇರ್ತದಲ್ಲ, ಬಿಡು.' ಹೇಳಿ ಫೋನ್ ಇಟ್ಲು. ನಿನ್ನದು ಕೇಳೂವಾಗ ಒಂದು ಗಳಿಗೆ ಅಂದ್ಕಂಡೆ, ನನ್ನ ಮಾತಿಂದ ಅವಳು ಬುಟ್ಟಿ ತಂದದ್ದು ಅಂತ. ಎದೆ ಉಬ್ಬಿತ್ತು. ಅಲ್ಲ. ನಾತದಿಂದ. ನಾ ಎಂತದೂ ಮಾಡ್ಲಿಲ್ಲ ಮಂಗಲಾ. 'ಕಳಿಸಬೇಡ' ಅನ್ನೂ ಒಂದು ಶಬ್ದ ಹೇಳೂಕೆ ನನ್ನ ಬಾಯಿಗೆ ಆಗ್ಲಿಲ್ಲ.

ಕೃಷ್ಣಾನಂದಂಗೂ ಅಜ್ಜಂಗೂ ಹೇಳ್ದೆ ಇವತ್ತು, ಎಂತದೂ ಇಲ್ಲ, ಇರ್ಲೇ ಇಲ್ಲ ಅಂತ. ಟೊಪ್ಪಿ ವಾಪಸ್ ಕೊಡೂಕೆ ಹೋದೆ. ಅಜ್ಜ ತಕ್ಕೊಳ್ಲಿಲ್ಲ. 'ಆ ಖರ್ಜೂರ ಎಲ್ಲ ತಿಂದಾಗಿದೆ, ಅದನ್ನ ನಾನು ವಾಪಸ್ ಕೊಡೂದು ಹೇಗೆ?' ಅಂದ, ಅವನ ಮುರುಕು ಹಿಂದಿಯಲ್ಲಿ. ಹೌದಲ್ಲ ಮಾರಾಯ್ತಿ. ಆ ಒಂದು ತಿಂಗಳು ನಾ ಯಾರಿಗೂ ಬೈಲಿಲ್ಲ, ಚಲೋ ನಿದ್ದೆ ಮಾಡ್ದೆ, ಪದ ಹೇಳ್ದೆ. ಅದು ಯಾವ ಲೆಕ್ಕಕ್ಕೆ ಹೋಗಬೇಕು? ಸುಳ್ಳು ಅಂತ ಹೇಳೂಕೆ ಆಗುದಿಲ್ಲ ನಂಗೆ. ಇನ್ನೂ ನಾಲ್ಕು ದಿನ ಇಟ್ಕಳ್ವಾ ಅಂದೆ, ನೋಡು, ಅದು ನನ್ನ ತಪ್ಪು. ಕೊಳೆಸೂ ಯೋಚನೆ ಅದು.

ಟೊಪ್ಪಿ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಇರಲಿ. ಎರಡು ವರ್ಷ ಕಾಯುದಿಲ್ಲ, ದೀಪಾವಳಿಗೆ ಹದಿನೈದು ದಿನ ಸಂಬಳ ಇಲ್ಲದ ರಜೆ ಕೇಳಿದ್ದೆ. ಕೊಡ್ತ್ರಾ ಗೊತ್ತಿಲ್ಲ. ಕೊಟ್ರೂ ಕೇರಿಯವ್ರು ಮತ್ತೆ ಬೇಲಿಗೆ ಬಂದು ಹಲ್ಲುಜ್ಜೂಕೆ ಶುರು ಮಾಡ್ತ್ರು, ಥೂ. ಉಜ್ಜಲಿ. ಮಗು ಆಗದಿದ್ರೆ ಆಗದು. ನಾ ಕತ್ತಲಲ್ಲಿ ಬ್ಯಾಟರಿ ಹಿಡ್ಕಂಡು ನಿನ್ನ ಜೋಡಿ ನಿಲ್ತೆ, ಅಷ್ಟೇ.

ನಾಳೆ ಮಂಗಳವಾರ, ನಂಗೆ ವಾರದ ರಜೆ. ಅಮ್ಮನ ಹತ್ರ ಮಾತಾಡಬೇಕು, ನೀನೂ ಅಲ್ಲೇ ಇರು, ಸ್ಪೀಕರ್ ಹಾಕು. ಈ ಸಲ ಕಟ್ ಮಾಡುದಿಲ್ಲ. ನಿಮ್ಮಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ, ಮಾಸ್ತಿ ಹೂ ತಕ್ಕಂಡು ಹೋದ ಮೇಲೆ.